ಗೇಟಿನ ಹೊರಗೆ ನಿಂತ ಅಧ್ಯಕ್ಷೆ

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ ನಾನು ಅಧ್ಯಕ್ಷೆಯಾದ ದಿನ ನನ್ನ ಗಂಡ ನಂಜನಗೂಡಿನ ಬೇಕರಿಯಿಂದ ಮೈಸೂರು ಪಾಕು ಕಟ್ಟಿಸಿಕೊಂಡು ಬಂದಿದ್ದ. ಅವನಿಗೆ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಕೆಲಸ. ಶಿಫ್ಟು ಮುಗಿಸಿ, ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಆ ಪೊಟ್ಟಣವನ್ನು ಎದೆಗವಚಿಕೊಂಡು ತಂದಿದ್ದ. "ಅಧ್ಯಕ್ಷರೇ, ಬಾಯಿ ತೆಗೀರಿ" ಎಂದ. ದುಡ್ಡು ದಂಡ ಅಂತ ಬೈದೆ. ಒಳಗೊಳಗೇ ಹಿಗ್ಗಿದ್ದೆ, ಅದನ್ನು ಯಾಕೆ ಮುಚ್ಚಿಡಲಿ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಪೂರ್ತಿ ಹೆಸರು. ಆ ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರೇ ಅದರ ಸದಸ್ಯರು. ಬಿಸಿಯೂಟದ ಬೇಳೆ ಸರಿಯಾಗಿದೆಯಾ, ಶೌಚಾಲಯಕ್ಕೆ ನೀರು ಬರುತ್ತಿದೆಯಾ, ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರುತ್ತಾರಾ, ಮಕ್ಕಳು ಶಾಲೆ ಬಿಟ್ಟು ಹೋಗುತ್ತಿದ್ದಾರಾ ಎಂದು ನೋಡಿಕೊಳ್ಳಬೇಕು. ನಾನು ಆ ಕುರ್ಚಿಯಲ್ಲಿ ಕೂತು ನೀರಿನ ಮೋಟಾರು ರಿಪೇರಿ ಮಾಡಿಸಿದೆ, ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಹಾಕಿಸಿದೆ. ಆದರೆ ಮಾಡಲೇಬೇಕು ಎಂದು ಹಟ ತೊಟ್ಟು ಹೊರಟಿದ್ದು ಒಂದೇ ಕೆಲಸಕ್ಕೆ: ಎಂಟನೇ ಕ್ಲಾಸಿನ ಒಂದು ಹುಡುಗಿಯನ್ನು ವಾಪಸು ಶಾಲೆಗೆ ಕರೆತರುವುದಕ್ಕೆ. ಅದು ಆಗಲಿಲ್ಲ. ಹೇಗೆ ಆಗಲಿಲ್ಲ ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ಮೊದಲು ಈ ಹುದ್ದೆ ನನ್ನಂಥವಳಿಗೆ ಹೇಗೆ ಬಂತು ಎನ್ನುವುದನ್ನು ಹೇಳಬೇಕು. ನಮ್ಮೂರಲ್ಲಿ ಮೇಲಿನ ಬೀದಿ ಅಂತ ಒಂದಿದೆ, ನಮ್ಮ ಬೀದಿ ಅಂತ ಒಂದಿದೆ. ಮೇಲಿನ ಬೀದಿಯವರು ಗದ್ದೆ, ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ ಇರುವವರು. ನಮ್ಮ ಬೀದಿಯವರು ಅವರ ಗದ್ದೆಯಲ್ಲೂ ಗಿರಣಿಯಲ್ಲೂ ಕೂಲಿ ಮಾಡಿಕೊಂಡು, ಅಲ್ಲೊಂದು ಇಲ್ಲೊಂದು ಸರ್ಕಾರಿ ನೌಕರಿ ಹಿಡಿದುಕೊಂಡು ಬದುಕಿದವರು. ನಾನು ಓದುತ್ತಿದ್ದ ಕಾಲಕ್ಕೆ ಎರಡೂ ಬೀದಿಯ ಮಕ್ಕಳು ಒಂದೇ ಶಾಲೆಗೆ ಬರುತ್ತಿದ್ದೆವು, ಅಧ್ಯಕ್ಷರು ಮಾತ್ರ ಯಾವಾಗಲೂ ಮೇಲಿನ ಬೀದಿಯವರು. ಆಮೇಲೆ ಊರಿಗೆ ಹಳದಿ ವ್ಯಾನು ಬಂತು. ಬೆಳಿಗ್ಗೆ ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ನಂಜನಗೂಡಿನ ಕಡೆಗೊಂದು, ಸುತ್ತೂರಿನ ಕಡೆಗೊಂದು ಹೊರಡತೊಡಗಿತು. ಮೇಲಿನ ಬೀದಿಯ ಗಂಡುಮಕ್ಕಳೆಲ್ಲ ವ್ಯಾನು ಹತ್ತಿದರು. ಹೆಣ್ಣುಮಕ್ಕಳಲ್ಲಿ ಕೆಲವರು ಹತ್ತಿದರು, ಕೆಲವರನ್ನು ಇಲ್ಲೇ ಉಳಿಸಿದರು. ಹೇಗಿದ್ದರೂ ಬೇರೆ ಮನೆಗೆ ಹೋಗುವವಳಿಗೆ ಫೀಸು ಯಾಕೆ ಅಂತ. ಹಾಗಾಗಿ ನಮ್ಮ ಶಾಲೆಯಲ್ಲಿ ಉಳಿದದ್ದು ನಮ್ಮ ಬೀದಿಯ ಮಕ್ಕಳು, ಜೊತೆಗೆ ಮೇಲಿನ ಬೀದಿಯ ಬೆರಳೆಣಿಕೆಯ ಹುಡುಗಿಯರು. ಮಕ್ಕಳೇ ಇಲ್ಲದ ಮೇಲೆ ಅಪ್ಪಂದಿರು ಸದಸ್ಯರಾಗುವುದು ಹೇಗೆ? ಕುರ್ಚಿ ಖಾಲಿಯಾಯಿತು, ನಮ್ಮತ್ತ ಉರುಳಿ ಬಂತು.

ಒಬ್ಬರು ಮಾತ್ರ ಕುರ್ಚಿ ಬಿಡಲಿಲ್ಲ. ಅಕ್ಕಿ ಗಿರಣಿಯ ಯಜಮಾನರು. ನಾನು ಚಿಕ್ಕವಳಿದ್ದಾಗ ಅವರೇ ಅಧ್ಯಕ್ಷರು. ಈಗ ಮೊಮ್ಮಕ್ಕಳೆಲ್ಲ ವ್ಯಾನಿನಲ್ಲಿ ಹೋದರೂ 'ಶಿಕ್ಷಣ ಪ್ರೇಮಿ' ಎಂಬ ಹೆಸರಿನಲ್ಲಿ ನಾಮನಿರ್ದೇಶಿತ ಸದಸ್ಯರು. ಹಾಗೊಂದು ಸ್ಥಾನವಿದೆ. ತಮ್ಮ ಮಕ್ಕಳನ್ನು ಮಾತ್ರ ಆ ಪ್ರೇಮದಿಂದ ದೂರ ಇಟ್ಟಿದ್ದರು. ಅವರು ಕೆಟ್ಟವರು ಅಂತ ನಾನು ಹೇಳಲಾರೆ. ಶಾಲೆಗೆ ಫ್ಯಾನು ಕೊಡಿಸಿದ್ದು ಅವರೇ.

ನನ್ನ ಮೊದಲ ಸಭೆಯ ದಿನ ಟೀ ಬಂತು. ಅದುವರೆಗೆ ಶಾಲೆಯಲ್ಲಿ ಸಭೆಗೆ ಸ್ಟೀಲ್ ಲೋಟ ಇತ್ತು, ಅಡುಗೆಮನೆಯ ಗೂಟಕ್ಕೆ ಸಾಲಾಗಿ ನೇತುಹಾಕಿದ್ದ ಲೋಟಗಳನ್ನು ನಾನೇ ಕಂಡಿದ್ದೆ. ಅವತ್ತು ಎಲ್ಲರಿಗೂ ಪೇಪರ್ ಕಪ್ಪು. "ಹೈಜೀನ್ ಕಣವ್ವ, ಕೊರೊನಾ ಬಂದ್ಮೇಲೆ ಎಲ್ಲಾ ಕಡೆ ಇದೇ" ಎಂದರು ಶಿಕ್ಷಣ ಪ್ರೇಮಿಗಳು. ಕೊರೊನಾ ಹೋಗಿ ಎಷ್ಟೋ ಕಾಲವಾಗಿತ್ತು. ಮೇಷ್ಟ್ರು, ಅಂದರೆ ಮುಖ್ಯ ಶಿಕ್ಷಕರು, ತಲೆ ತಗ್ಗಿಸಿ ಕಪ್ಪಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತರು. ಅವರು ಮೈಸೂರಿನಿಂದ ದಿನಾ ರೈಲಿನಲ್ಲಿ ಬಂದು ಹೋಗುವ, ಯಾರ ಮನಸ್ಸನ್ನೂ ನೋಯಿಸದ, ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದ ಮನುಷ್ಯ. ಸಿಟ್ಟು ನೆತ್ತಿಗೇರಿತು, ಆದರೂ ಟೀ ಕುಡಿದೆ. ಮೊದಲ ದಿನವೇ ಜಗಳ ಬೇಡ ಅಂದುಕೊಂಡೆ.

ಈಗ ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ಹುಡುಗಿಯ ವಿಚಾರದಲ್ಲಿ ನಾನು ಯಾಕಷ್ಟು ಹಾರಾಡಿದೆ ಎನ್ನುವುದು ಯಾರಿಗೂ ಅರ್ಥವಾಗುವುದಿಲ್ಲ.

ಶಾಲೆ ಬಿಟ್ಟ ಮಗುವನ್ನು ಕೇಳಿಕೊಂಡು ಸಮಿತಿಯವರು ಮನೆಮನೆಗೆ ಹೋಗಬೇಕು ಎಂಬ ನಿಯಮ ಆಗಲೂ ಇತ್ತು. ಅವರು ನಮ್ಮ ಬೀದಿಗೂ ಬರುತ್ತಿದ್ದರು. ಆದರೆ ಬೀದಿಯೊಳಗೆ ಬರುತ್ತಿರಲಿಲ್ಲ. ಬೀದಿಯ ಬಾಯಲ್ಲಿ ಒಂದು ಕಬ್ಬಿಣದ ಕರೆಂಟು ಕಂಬ ಇದೆ. ಅದರ ಹತ್ತಿರ ನಿಂತು, ಒಂದು ಕಲ್ಲು ತೆಗೆದುಕೊಂಡು ಕಂಬಕ್ಕೆ ಬಡಿಯುತ್ತಿದ್ದರು. ಆ ಸದ್ದು ಕೇಳಿದರೆ ಯಾರಾದರೂ ಆಚೆ ಬರುತ್ತಿದ್ದರು. ಬಂದವರಿಗೆ ಇಂಥವನನ್ನು ಕರಿ ಎಂದು ಹೇಳುತ್ತಿದ್ದರು, ಆ ಮಗುವಿನ ಅಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತಾ ಕಂಬದ ಹತ್ತಿರಕ್ಕೆ ಹೋಗುತ್ತಿದ್ದ. ಮಾತುಕತೆ ಅಲ್ಲೇ, ನಿಂತ ನಿಲುವಿನಲ್ಲೇ ಮುಗಿಯುತ್ತಿತ್ತು. ಇದು ಅವಮಾನ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಪೋಸ್ಟಿನವನೂ ಹಾಗೇ ಮಾಡುತ್ತಿದ್ದ, ಹಾಲಿನ ಡೈರಿಯವನೂ ಹಾಗೇ.

ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ನನ್ನನ್ನು ಸೋದರತ್ತೆಯ ಮಗನಿಗೆ ಕೊಡುವುದು ಅಂತ ಮನೆಯಲ್ಲಿ ಮಾತಾಯಿತು. ಶಾಲೆ ಶುರುವಾದರೂ ನನ್ನನ್ನು ಕಳಿಸಲಿಲ್ಲ. ಒಂದು ಬೆಳಿಗ್ಗೆ ಕಂಬ ಸದ್ದಾಯಿತು. ನಾನು ಬಾಗಿಲ ಹಿಂದೆ ರಾಗಿ ಮೂಟೆಗೆ ಒರಗಿ ನಿಂತಿದ್ದೆ. ಬೀದಿಯ ಮೊದಲನೇ ಮನೆಯೇ ನಮ್ಮದು, ಹಾಗಾಗಿ ಒಂದೊಂದು ಮಾತೂ ಕೇಳಿಸುತ್ತಿತ್ತು.

"ನಿನ್ ಮಗ್ಳು ಎಲ್ಲಲಾ? ಇಸ್ಕೂಲ್ಗೆ ಬತ್ತಾ ಇಲ್ವಂತೆ?" ಗಿರಣಿ ಯಜಮಾನರ ದನಿ.

"ನರಸೀಪುರದಲ್ಲವ್ಳೆ ಸಾ. ಅವ್ರ ಅತ್ತೆ ಮನೇಲಿ. ಅಲ್ಲೇ ಇಸ್ಕೂಲ್ಗೆ ಆಕೀವಿ" ಎಂದ ಅಪ್ಪ.

"ಆಕುದ್ರೆ ಸರಿ, ಬುಡು."

ಅಷ್ಟೇ. ಹೋದರು. ನನ್ನ ಬಾಯಿಗೆ ಯಾರೂ ಬಟ್ಟೆ ತುರುಕಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅವರಲ್ಲಿ ಒಬ್ಬರು ನನ್ನ ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ನಾನು ಓಡಿ ಬರುತ್ತಿದ್ದೆ, ಖಂಡಿತ ಬರುತ್ತಿದ್ದೆ. ಕೂಗಿದ್ದು ಅಪ್ಪನನ್ನು. ಕರೆಯದೇ ಆಚೆ ಬರುವ ಹುಡುಗಿಯಾಗಿ ನನ್ನನ್ನು ಯಾರೂ ಬೆಳೆಸಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ನಾನು ಟಿ. ನರಸೀಪುರದಲ್ಲೇ ಇದ್ದೆ, ಅತ್ತೆ ಮನೆಯಲ್ಲೇ, ಕೊರಳಿಗೆ ತಾಳಿ ಕಟ್ಟಿಸಿಕೊಂಡು. ಅಪ್ಪ ಹೇಳಿದ ಸುಳ್ಳಿನಲ್ಲಿ ಶಾಲೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಜವಾಯಿತು.

ಗಂಡ ಒಳ್ಳೆಯವನು. ಅವನಾದರೂ ಆಗ ಮೀಸೆ ಮೂಡದ ಹುಡುಗ, ಅವನನ್ನೂ ಯಾರೂ ಕೇಳಿರಲಿಲ್ಲ. ಆಮೇಲೆ ನಾನು ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿ ಪಾಸಾದೆ, ಅವನಿಗೆ ನಂಜನಗೂಡಿನಲ್ಲಿ ಕೆಲಸ ಸಿಕ್ಕಿತು, ನನ್ನ ತವರೂರಿಗೇ ಬಂದು ನಿಂತೆವು. ಪಂಚಾಯಿತಿಯ ಗ್ರಂಥಾಲಯದ ಮೇಲ್ವಿಚಾರಕಿಯ ಕೆಲಸ ನನಗೆ ಸಿಕ್ಕಿತು. ಮಗಳು ಹುಟ್ಟಿದಳು, ನಾನು ಓದಿದ ಶಾಲೆಗೇ ಸೇರಿದಳು. ಇದೆಲ್ಲ ಒಂದು ಪ್ಯಾರಾದಲ್ಲಿ ಮುಗಿಯಿತು, ಬದುಕುವಾಗ ಅಷ್ಟು ಸಲೀಸಾಗಿರಲಿಲ್ಲ.

ಆ ಹುಡುಗಿ ನನಗೆ ಪರಿಚಯವಾದದ್ದು ಗ್ರಂಥಾಲಯದಲ್ಲಿ. ಮೇಲಿನ ಬೀದಿಯವಳು. ಅವಳ ಅಣ್ಣ ವ್ಯಾನಿನಲ್ಲಿ ಸುತ್ತೂರಿನ ಕಡೆಗೆ ಹೋಗುತ್ತಿದ್ದ, ಇವಳು ನಡೆದುಕೊಂಡು ನಮ್ಮ ಶಾಲೆಗೆ. ಶಾಲೆ ಬಿಟ್ಟ ಮೇಲೆ ಬಂದು ಒಂದು ಮೂಲೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು, ಹಳೆಯ ವಾರಪತ್ರಿಕೆಯ ಅಡುಗೆ ಪುಟವನ್ನೂ ಬಿಡುತ್ತಿರಲಿಲ್ಲ. ಮಾತು ಜಾಸ್ತಿ. ನನ್ನನ್ನು ಮಿಸ್ ಎನ್ನುತ್ತಿದ್ದಳು. ನಾನು ಮಿಸ್ ಅಲ್ಲ ಕಣೇ ಎಂದರೆ, "ಪುಸ್ತಕ ಕೊಡೋರೆಲ್ಲ ಮಿಸ್ಸೇ" ಎನ್ನುತ್ತಿದ್ದಳು. ಒಂದು ದಿನ ಅವಳ ನೀಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ನನ್ನ ಚೀಲದಲ್ಲಿದ್ದ ಸೂಜಿ ದಾರ ಕೊಟ್ಟೆ. ಇದ್ದದ್ದು ಕೆಂಪು ದಾರ. ಅವಳೇ ಕೂತು ಹೊಲಿದುಕೊಂಡಳು, ದಪ್ಪ ದಪ್ಪ ಹೊಲಿಗೆ. ಚೆನ್ನಾಗಿಲ್ಲ ಎಂದು ನಾನು ಅಣಕಿಸಿದೆ. "ಡಿಸೈನು ಮಿಸ್ ಇದು" ಎಂದಳು.

ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಶಾಲೆಗೂ ಇಲ್ಲ, ಗ್ರಂಥಾಲಯಕ್ಕೂ ಇಲ್ಲ. ಯಾರದೋ ಮೊಬೈಲಿನಿಂದ ಯಾವುದೋ ಹುಡುಗನಿಗೆ ಮೆಸೇಜು ಕಳಿಸಿದ್ದಳಂತೆ ಎಂದು ಹೆಂಗಸರು ಕೊಳಾಯಿಯ ಹತ್ತಿರ ಮಾತಾಡಿಕೊಂಡರು. ನಮ್ಮ ಊರಲ್ಲಿ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ. ಅವಳಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ನನಗೆ ಅವತ್ತು ರಾಗಿ ಮೂಟೆಯ ವಾಸನೆ ಮೂಗಿಗೆ ಬಡಿದಂತಾಯಿತು. ಮನೆಗೆ ಬಂದು ಅನ್ನ ಬಿಟ್ಟು ಕೂತೆ. "ನೀನು ಅಧ್ಯಕ್ಷೆ ತಾನೆ, ಹೋಗಿ ಕರ್ಕೊಂಡು ಬಾ" ಎಂದ ಗಂಡ.

ಸಭೆಯಲ್ಲಿ ವಿಷಯ ಎತ್ತಿದೆ. ಮೇಷ್ಟ್ರಿಗೆ ಇಷ್ಟವಿರಲಿಲ್ಲ. "ಮೇಡಂ, ಅದು ಅವರ ಮನೆ ವಿಚಾರ..." ಎಂದು ಎಳೆದರು. ಶಿಕ್ಷಣ ಪ್ರೇಮಿಗಳು ಮಾತ್ರ, "ಆಯ್ತು, ನಿಯಮ ಅಂದ್ಮೇಲೆ ಓಗವ, ನಮ್ಮೋರೇ ತಾನೆ" ಎಂದು ಎದ್ದರು. ಹೀಗೆ ನಾವು ಮೂವರು ಹೊರಟೆವು. ಮೇಲಿನ ಬೀದಿಯಲ್ಲಿ ನಾನು ಕೂಲಿಗಲ್ಲದೆ ನಡೆದದ್ದು ಅದೇ ಮೊದಲು. ಒಳ್ಳೆಯ ಸೀರೆ ಉಟ್ಟಿದ್ದೆ. ಉಡಬೇಕಾಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ದೊಡ್ಡ ಮನೆ. ಟೈಲ್ಸು ಹಾಕಿದ ಜಗಲಿ, ಕಬ್ಬಿಣದ ಗೇಟು. ಹುಡುಗಿಯ ಅಪ್ಪ ಗೇಟಿನ ಹತ್ತಿರಕ್ಕೇ ಬಂದ. ಗಿರಣಿ ಯಜಮಾನರಿಗೆ ನಮಸ್ಕಾರ, ಮೇಷ್ಟ್ರಿಗೆ ನಮಸ್ಕಾರ, ಬನ್ನಿ ಬನ್ನಿ ಎಂದ. ನನ್ನ ಮುಖ ನೋಡಿ ಒಂದು ಗಳಿಗೆ ತಡೆದ.

"ಒಳಗೆ ಪೂಜೆ ನಡೀತಾ ಅದೆ ಕಣವ್ವ. ನೀನು ಇಲ್ಲೇ ಇರು, ತಪ್ಪು ತಿಳ್ಕಾಬ್ಯಾಡ" ಎಂದ.

ತಪ್ಪು ತಿಳಿದುಕೊಳ್ಳಬೇಡ ಎಂದು ನಯವಾಗಿಯೇ ಹೇಳಿದ. ಮೇಷ್ಟ್ರು ನನ್ನ ಕಡೆ ತಿರುಗಿದರು. "ಮೇಡಂ, ನಾವು ವಿಚಾರಿಸಿಕೊಂಡು ಬಂದುಬಿಡ್ತೀವಿ, ನೀವು ಬೇಜಾರು..." ಎಂದು ಶುರು ಮಾಡಿ ಮುಗಿಸಲಿಲ್ಲ. ಬಾಯಲ್ಲಿ ಬಂದದ್ದನ್ನೆಲ್ಲ ನುಂಗಿಕೊಂಡೆ. ನಾನು ಅಲ್ಲಿ ಜಗಳವಾಡಿದ್ದರೆ ಅವರೂ ಒಳಗೆ ಹೋಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಯಾರಾದರೂ ಒಳಗೆ ಹೋಗಿ ಅವಳ ಮುಖ ನೋಡುವುದು. ಅವರಿಬ್ಬರೂ ಜಗಲಿ ಹತ್ತಿ ಒಳಗೆ ಹೋದರು. ಸೋಫಾ ಮೇಲಿನ ಪ್ಲಾಸ್ಟಿಕ್ ಕವರು ಕಿರುಗುಟ್ಟಿದ್ದು ನನಗೆ ಕೇಳಿಸಿತು.

ಅಧ್ಯಕ್ಷೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಳು.

ಹೊರಗೆ ನಿಂತವರಿಗೆ ನೋಡುವುದಕ್ಕೆ ಇರುವುದೇನು? ಚಪ್ಪಲಿಗಳು. ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ಬಿಟ್ಟಿದ್ದರು. ಆ ಸಾಲಿನ ಕೊನೆಯಲ್ಲಿ, ಗೋಡೆಗೆ ಆನಿಸಿ, ನೀಲಿ ಚಪ್ಪಲಿ. ಪಟ್ಟಿಯ ಮೇಲೆ ಕೆಂಪು ದಾರದ ದಪ್ಪ ಹೊಲಿಗೆ. ಮೇಷ್ಟ್ರು ಅದರ ಪಕ್ಕದಲ್ಲೇ ತಮ್ಮ ಚಪ್ಪಲಿ ಬಿಟ್ಟು ಹೋಗಿದ್ದರು.

ಒಳಗಿನಿಂದ ಹುಡುಗಿಯ ಅಪ್ಪನ ಮಾತು ಕೇಳಿಸುತ್ತಿತ್ತು. "ನರಸೀಪುರಕ್ಕೆ ಓಗವ್ಳೆ ಸಾ, ಅವ್ರ ಚಿಕ್ಕಮ್ಮನ ಮನೆಗೆ. ಅಲ್ಲೇ ಒಳ್ಳೆ ಇಸ್ಕೂಲ್ಗೆ ಸೇರ್ಸವ ಅಂತ."

ಅದೇ ಊರು. ಅದೇ ಸುಳ್ಳು. ಎರಡು ಬೀದಿಯವರೂ ಒಂದೇ ಬಾವಿಯ ನೀರು ಕುಡಿಯದೆ ಹೋದರೂ ಹೆಣ್ಣುಮಗುವನ್ನು ಬಚ್ಚಿಡುವಾಗ ಮಾತ್ರ ಒಂದೇ ಮಾತು ಸಿಕ್ಕಿಬಿಡುತ್ತದೆ ನೋಡಿ. ಗೇಟಿನ ಸರಳು ಹಿಡಿದುಕೊಂಡು, ಅವಳ ಹೆಸರು ಹಿಡಿದು ಕೂಗಿದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳು ಇನ್ನೂ ಬದುಕಬೇಕಾದವಳು. ಜೋರಾಗಿ ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು. ಇನ್ನೊಂದು ಸಲ ಕೂಗಿದೆ. "ನಾನು ಕಣೇ, ಲೈಬ್ರರಿ ಮಿಸ್ಸು! ಆಚೆ ಬಾ!"

ಒಳಗೆ ಟಿವಿಯ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಯಾವುದೋ ಸೀರಿಯಲ್ಲಿನ ಸಂಗೀತ, ಗೋಡೆ ಅದುರುವಷ್ಟು. ನನ್ನ ದನಿಯನ್ನು ಮುಚ್ಚುವುದಕ್ಕೆ ಹಾಕಿದರು ಅಂತ ಗೊತ್ತಾಯಿತು. ನಾನು ಅದಕ್ಕಿಂತ ಜೋರಾಗಿ ಕೂಗಿದೆ. ಯಾರೂ ಬರಲಿಲ್ಲ. ಬಂದದ್ದು ಅವಳ ಅಪ್ಪ.

"ಏನವ್ವಾ ಇದು? ಬೀದೀಲಿ ನಿಂತ್ಕಂಡು ಮನೆ ಮಗ್ಳ ಎಸ್ರು ಕೂಗ್ತೀಯಲ್ಲ, ನಮ್ಗೂ ಮಾನ ಮರ್ವಾದಿ ಇಲ್ವಾ?"

"ಅವಳ ಚಪ್ಪಲಿ ಇಲ್ಲೇ ಅದೆ. ಬರಿಗಾಲಲ್ಲಿ ನರಸೀಪುರಕ್ಕೆ ಹೋದ್ಲಾ? ಒಂದ್ಸಲ ಮುಖ ತೋರ್ಸಿ, ಹೊರಟುಹೋಗ್ತೀನಿ."

ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತಾ ಓಡಿ ಬಂದರು. ಅವರ ಹಿಂದೆ ಯಜಮಾನರು. "ಬಾರವ್ವ, ಸಾಕು. ನಾವು ಒಳಗೆ ಓಗಿ ನೋಡ್ಕಂಡು ಬಂದಿಲ್ವಾ? ಮಗು ಇಲ್ಲ ಅಲ್ಲಿ. ಚಪ್ಲಿ ಅಂದ್ರೆ ನೂರು ಚಪ್ಲಿ ಇರ್ತವೆ" ಎಂದರು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಕೆಲವರ ಕಣ್ಣು ನನ್ನ ಸೀರೆಯ ಮೇಲಿತ್ತು. ಮೇಷ್ಟ್ರು ನನ್ನ ಮುಂದೆ ಕೈ ಮುಗಿಯುವುದೊಂದು ಬಾಕಿ. ಅವರ ಮುಖ ನೋಡಿ ಗೇಟು ಬಿಟ್ಟೆ.

ಮಕ್ಕಳ ಸಹಾಯವಾಣಿಗೆ ನಾನೇ ಫೋನು ಮಾಡಿದೆ. ಜೀಪು ಬಂತು, ಇಲಾಖೆಯ ಹೆಂಗಸೊಬ್ಬರು ಬಂದರು, ಪೊಲೀಸಿನವರು ಬಂದರು. ಮನೆಗೆ ಬೀಗ. ತಲಕಾಡಿಗೆ ಹೋಗಿದ್ದಾರೆ, ದೇವರಿಗೆ, ಎಂದರು ಪಕ್ಕದವರು. ಮದುವೆ ಎಲ್ಲಿ ಆಯಿತು ಎನ್ನುವುದು ಯಾರಿಗೂ ತಿಳಿಯಲಿಲ್ಲ, ತಿಳಿದವರು ಬಾಯಿ ಬಿಡಲಿಲ್ಲ. ಮನೆಯವರು ಹಿಂತಿರುಗಿದಾಗ ಅವಳು ಜೊತೆಯಲ್ಲಿರಲಿಲ್ಲ. ಹಾಸ್ಟೆಲಿಗೆ ಹಾಕಿದ್ದೇವೆ ಎಂದರು. ಅಪ್ಪ ಬಂದು ಟಿಸಿ ಕೇಳಿದ, ಮೇಷ್ಟ್ರು ಕೊಟ್ಟರು. ಕೊಡದೆ ಇರುವ ಹಾಗಿಲ್ಲವಂತೆ. ಟಿಸಿ ಹೋದ ಮೇಲೆ ಆ ಮಗು ನಮ್ಮ ಶಾಲೆಯದಲ್ಲ, ನಮ್ಮ ಸಮಿತಿಗೆ ಅವಳ ಬಗ್ಗೆ ಕೇಳುವ ಅಧಿಕಾರವೂ ಇಲ್ಲ. ಇಷ್ಟು ಸುಲಭವಾಗಿ ಒಂದು ಮಗು ಕೈತಪ್ಪಿಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಊರು ನನ್ನ ಮೇಲೆಯೇ ತಿರುಗಿತು. ಬೀದಿಯಲ್ಲಿ ಹೆಸರು ಕೂಗಿ ಹುಡುಗಿಯ ಮಾನ ಕಳೆದಳು, ಇವಳಿಂದಲೇ ಅವಸರದಲ್ಲಿ ಮದುವೆ ಮಾಡಬೇಕಾಯಿತು ಎಂದರು. ಮದುವೆಯೇ ಆಗಿಲ್ಲ ಎಂದು ಜೀಪಿನವರ ಮುಂದೆ ಹೇಳಿದವರೂ ಅವರೇ. ಮೇಲಿನ ಬೀದಿಯ ಉಳಿದ ಹುಡುಗಿಯರನ್ನೂ ಒಬ್ಬೊಬ್ಬರಾಗಿ ಬಿಡಿಸಿದರು. ಈಗ ಶಾಲೆಯಲ್ಲಿ ಇರುವುದು ನಮ್ಮ ಬೀದಿಯ ಮಕ್ಕಳು ಮಾತ್ರ. ನಮ್ಮ ಬೀದಿಯಲ್ಲೂ ಕೆಲವರು ನನಗೆ ಬೈದರು, ಕೂಲಿಗೆ ಕರೆಯುವುದು ಕಡಿಮೆಯಾಗಿದೆ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ನಾನು ಕೂಗಿದೆ, ಅವಳು ಬರಲಿಲ್ಲ. ಇಷ್ಟು ವರ್ಷ ನಾನು ಒಂದು ನಂಬಿಕೆ ಹಿಡಿದುಕೊಂಡು ಬದುಕಿದ್ದೆ, ಹೆಸರು ಹಿಡಿದು ಕೂಗಿದ್ದರೆ ಬರುತ್ತಿದ್ದೆ ಅಂತ. ಅದೂ ಸುಳ್ಳಾ? ನಾನೂ ಮೂಟೆಗೆ ಒರಗಿ ನಿಂತೇ ಇರುತ್ತಿದ್ದೆನಾ? ಅವಳ ಮೇಲೆ ನನಗೆ ಸಿಟ್ಟು ಬಂದದ್ದೂ ಉಂಟು.

ಕಳೆದ ವರ್ಷ ಅತ್ತೆಗೆ ಹುಷಾರಿಲ್ಲ ಎಂದು ಟಿ. ನರಸೀಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ನಂಜನಗೂಡಿನ ಬಸ್ಸು ಹತ್ತಿ ಕೂತೆ. ಬಸ್ಸು ಹೊರಡುವ ಮುಂಚೆ ಒಬ್ಬ ವಯಸ್ಸಾದ ಹೆಂಗಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು, ಅವಳ ಹಿಂದೆ ಬಂದ ಹುಡುಗಿ ಅಲ್ಲಿ ಜಾಗವಿಲ್ಲದೆ ನನ್ನ ಪಕ್ಕಕ್ಕೆ ಬಂದು ಕೂತಳು. ಸೀರೆ ಸರಿಯಾಗಿ ನಿಲ್ಲದ ಮೈ. ಹೊಟ್ಟೆ ಮುಂದೆ ಬಂದಿತ್ತು. ಮುಖ ನೋಡಿದ ಮೇಲೂ ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳಿಗೆ ಬೇಕಾಗಲಿಲ್ಲ.

"ಮಿಸ್" ಎಂದಳು, ತುಟಿ ಅಲುಗದ ಹಾಗೆ. ಕಣ್ಣು ಮುಂದಿನ ಸೀಟಿನ ಮೇಲೇ ಇತ್ತು. ಮುಂದೆ ಕೂತಿದ್ದದ್ದು ಅವಳ ಅತ್ತೆ.

ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. ಆಸ್ಪತ್ರೆಗೆ ಹೋಗುತ್ತಿದ್ದೇವೆ ಎಂದಳು. ಓದುತ್ತೀಯಾ ಎಂದು ಕೇಳಿ, ಕೇಳಬಾರದಿತ್ತು ಅಂದುಕೊಂಡೆ. ಬಸ್ಸು ಹೊರಟು ಗದ್ದೆ ಬಯಲಿಗೆ ಬಂದ ಮೇಲೆ, ಎಂಜಿನ್ನಿನ ಸದ್ದಿನ ಮರೆಯಲ್ಲಿ, ಅವಳೇ ಮಾತಾಡಿದಳು.

"ಅವತ್ತು ಕೂಗುದ್ರಲ್ಲ ಮಿಸ್. ಕೇಳುಸ್ತು."

"ಮತ್ಯಾಕೆ ಬರಲಿಲ್ಲ ಕಂದಾ?"

"ಬಂದೆ. ಬಾಗ್ಲು ಗಂಟ ಬಂದೆ. ಆಚೆಯಿಂದ ಚಿಲ್ಕ ಆಕಿದ್ರು."

"ಯಾವ ಬಾಗಿಲು?"

"ಆಲ್‌ನಲ್ಲಿ ಸೋಪಾ ಅದೆಯಲ್ಲ, ಅದ್ರೆದ್ರುಗಿನ ರೂಮು. ಮೇಷ್ಟ್ರು ಕಾಪಿ ಕುಡೀತಾ ಕೂತಿದ್ದು ಸಂದೀಲಿ ಕಾಣ್ತಿತ್ತು. ನೀವು ಕೂಗುದ್ರಿ, ನಾನು ಬಾಗ್ಲು ಬಡುದೆ. ಅಮ್ಮ ಟಿವಿ ಜೋರು ಮಾಡ್ಬುಟ್ಲು."

ಟಿವಿ ನನ್ನ ದನಿ ಮುಚ್ಚುವುದಕ್ಕೆ ಅಲ್ಲ.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನಂಜನಗೂಡಿನಲ್ಲಿ ಇಳಿಯುವಾಗ ಅವಳ ಅತ್ತೆ ತಿರುಗಿ ನೋಡಿ, "ಯಾರವ್ವ, ಗೊತ್ತಿರೋರಾ?" ಎಂದಳು. "ಇಲ್ಲ ಕಣತ್ತೆ" ಎಂದಳು ಹುಡುಗಿ. ಇಬ್ಬರೂ ಜನರೊಳಗೆ ಸೇರಿಹೋದರು. ಆಸ್ಪತ್ರೆಯವರೆಗೆ ಹಿಂದೆಯೇ ಹೋಗಲಾ ಎಂದು ನಿಂತೆ. ಹೋಗಿ ಯಾರೆಂದು ಹೇಳಿಕೊಳ್ಳಲಿ? ಗೊತ್ತಿಲ್ಲದವಳು ಎಂದು ಅವಳೇ ಹೇಳಿಯಾಗಿತ್ತು.

ಮಾರನೇ ದಿನ ಶಾಲೆಗೆ ಹೋದೆ. ಮಧ್ಯಾಹ್ನದ ಊಟ ಮುಗಿದಿತ್ತು. ಮೇಷ್ಟ್ರು ಒಬ್ಬರೇ ಆಫೀಸಿನಲ್ಲಿದ್ದರು. ನಾನು ಕೂರಲಿಲ್ಲ.

"ಸಾರ್, ಅವತ್ತು ಅವರ ಮನೆ ಹಾಲಿನಲ್ಲಿ ಕೂತಿದ್ರಲ್ಲ. ಎದುರುಗಡೆ ಒಂದು ಬಾಗಿಲಿತ್ತು. ಚಿಲಕ ಹಾಕಿತ್ತಾ?"

ಯಾವ ದಿನ, ಯಾರ ಮನೆ ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಹಾಕಿತ್ತು ಮೇಡಂ. ದೇವರ ಮನೆ ಅಂದ್ಕೊಂಡೆ. ಒಳಗೆ ಪೂಜೆ ನಡೀತಿದೆ ಅಂದಿದ್ರಲ್ಲ."

ಪೂಜೆ ನಡೆಯುತ್ತಿದೆ ಎಂದದ್ದು ನನ್ನನ್ನು ಹೊರಗೆ ನಿಲ್ಲಿಸುವುದಕ್ಕೆ. ಆ ಮಾತನ್ನು ಆ ಮನುಷ್ಯ ನಿಜವೆಂದೇ ನಂಬಿಕೊಂಡು ಒಳಗೆ ಕೂತಿದ್ದರು.

"ಪೂಜೆ ನಡೀತಿರೋ ದೇವರ ಮನೆಗೆ ಆಚೆಯಿಂದ ಯಾರು ಸಾರ್ ಚಿಲಕ ಹಾಕ್ತಾರೆ?"

ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು.

"ಅವಳು ಬಾಗಿಲು ಬಡಿದಳಂತೆ. ನಿಮಗೆ ಕೇಳಿಸಲಿಲ್ವಾ?"

"ಕೇಳಿಸ್ತು" ಎಂದರು. "ಎರಡು ಮೂರು ಸಲ ಕೇಳಿಸ್ತು. ತೆಂಗಿನಕಾಯಿ ಒಡೀತಾ ಇದಾರೆ ಅಂದ್ಕೊಂಡೆ ಮೇಡಂ."

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಅವರಿಗೆ ನಿಜವಾಗಿಯೂ ಹಾಗೇ ಕೇಳಿಸಿತ್ತು.